ಬೆರಳು ನಿಂತರೂ ನಿಲ್ಲದ ಪುಟ

ಕ್ರಿ.ಶ. ೨೨೧೯, ಫೆಬ್ರವರಿ ಮೂವತ್ತು

ಜಾಲಪುಟ ಕಟ್ಟುವ ಪಂಡಿತರೇ, ಪುಟವನ್ನು ಓಡಿಸುವ ಪ್ರಚಂಡರೇ, ಇಪ್ಪತ್ತೊಂದನೆಯ ಶತಮಾನದ ಸಮಸ್ತ ಸಭಾಸದರೇ,

ಎರಡು ಶತಮಾನದಾಚೆಯ ನನ್ನ ಕನ್ನಡ ವಿಚಿತ್ರವೆನಿಸಿದರೆ ಕ್ಷಮಿಸಿ. ನಮ್ಮಲ್ಲಿ ಈಗ ಇರುವುದೆಲ್ಲ ನಿಲುಪುಟಗಳು. ಬೆರಳು ಸರಿದಷ್ಟೇ ಸರಿದು, ಬೆರಳು ನಿಂತಲ್ಲಿ ನಿಲ್ಲುವ ಪುಟಕ್ಕೆ ಆ ಹೆಸರು. ಪುಟ ಕಟ್ಟಿದವನು ಅದನ್ನು ಜನರಿಗೆ ಬಿಡುವ ಮುನ್ನ ಪುಟಸಾಕ್ಷಿಯ ಮುಂದೆ ಕೂರಬೇಕು. ಪುಟಸಾಕ್ಷಿ ಎಂದರೆ ದೃಷ್ಟಿ ಮಂದವಾದ, ನಾಲಿಗೆ ಮಾತ್ರ ಚುರುಕಾದ ಹಿರಿಯರು. ನಮ್ಮ ಬೀದಿಯ ಪುಟಸಾಕ್ಷಿ ಗಿರಿಜಮ್ಮನವರು ಅಕ್ಷರವನ್ನು ನಾಲ್ಕು ಪಟ್ಟು ಹಿಗ್ಗಿಸಿ, "ಎಲ್ಲಪ್ಪಾ ನಿನ್ನ ಕೊನೇ ಸಾಲು? ತೋರ್ಸು, ಆಮೇಲೆ ಕಾಫಿ" ಎನ್ನುತ್ತಾರೆ. ಕಳೆದ ವಾರ ಒಬ್ಬ ಮೂರು ಗಂಟೆ ಹುಡುಕಿ, ಕಾಫಿ ಇಲ್ಲದೆಯೇ ಮನೆಗೆ ಹೋದ.

ನಿಮ್ಮ ಕಾಲದ್ದೊಂದು ಅರ್ಜಿ ನಮ್ಮ ವಸ್ತುಸಂಗ್ರಹಾಲಯದಲ್ಲಿದೆ, ಅರ್ಧಕ್ಕೇ ನಿಂತದ್ದು. ಸರ್ವಮಂಗಳಾ ಎಂಬ ಐವತ್ತೊಂದರ, ಕಣ್ಣು ಮಂಜಾದ ಹೆಂಗಸು ಹಾಸ್ಟೆಲಿನ ಮೇಲ್ವಿಚಾರಕಿಯ ಕೆಲಸಕ್ಕೆ ಹಾಕುತ್ತಿದ್ದುದು. ಕೊನೆಯ ದಿನ, ಸಂಜೆ ಐದರ ಗಡುವು. ಸರಿಸಿದರೂ ಸರಿಯದೆ ಪುಟದ ನೆತ್ತಿಗೆ ಅಂಟಿಕೊಂಡ, ಹಾಸ್ಟೆಲ್ ಸಂಸ್ಥೆಯ ಹೆಸರು ಹೊತ್ತ ಅಡ್ಡಪಟ್ಟಿಯೊಂದಿತ್ತು. ಆಕೆ ಅಕ್ಷರ ಹಿಗ್ಗಿಸಿದೊಡನೆ ಅದೂ ಹಿಗ್ಗಿ ಮುಕ್ಕಾಲು ಪರದೆ ನುಂಗಿತು. ಉಳಿದ ಎರಡು ಸಾಲಿನ ಸಂದಿಯಲ್ಲಿ ಹುಟ್ಟಿದ ದಿನಾಂಕ ತುಂಬುವಷ್ಟರಲ್ಲಿ ಪುಟ ತಾನಾಗಿಯೇ ಜಾರಿ, ಅಧ್ಯಕ್ಷರ ನಗುಮುಖದ ಚಿತ್ರಕ್ಕೆ ಹೋಗಿ ನಿಂತಿತು. 'ಸಲ್ಲಿಸಿ' ಎಂಬ ಗುಂಡಿ ಇದ್ದದ್ದು ತಳದಲ್ಲಿ. ಕೆಳಗಿಳಿದಷ್ಟೂ ಹೊಸ ಸುದ್ದಿ ಬಂದು ಕೂತು, ತಳವೇ ಕೆಳಗಿಳಿಯುತ್ತಿತ್ತು. ಪುಟಕ್ಕೆ ಓಟ, ಕಣ್ಣಿಗೆ ಕಾಟ, ಕಟ್ಟಿದವನಿಗೆ ಅದೇ ಚೆಂದದ ನೋಟ.

ತಾನು ತುಂಬಿಕೊಡುತ್ತೇನೆಂದ ತಮ್ಮನಿಗೆ ಆಕೆ ಹೇಳಿದ್ದೂ ದಾಖಲಾಗಿದೆ: "ಸುಮ್ನಿರೋ. ನೂರು ಹುಡುಗೀರ್ನ ನೋಡ್ಕೊಳ್ಳೋಕೆ ಹೊರಟಿರೋಳು ನಾನು, ಒಂದು ಅರ್ಜಿ ತುಂಬೋಕಾಗಲ್ವಾ? ಇದನ್ನ ಕಟ್ಟಿದವನು ಸಿಗ್ಲಿ, ಅವನ ಕನ್ನಡಕಕ್ಕೆ ಎಣ್ಣೆ ಸವರಿ ಇದರ ಮುಂದೇನೇ ಕೂರಿಸ್ತೀನಿ."

ಆದ್ದರಿಂದ ಮಹನೀಯರೇ, ನಮ್ಮ ಶತಮಾನದ ವಿನಂತಿ: ಹಿಗ್ಗಿಸಿದಾಗ ಆ ಪಟ್ಟಿ ಪುಟದೊಡನೆ ಮೇಲೆ ಸರಿದುಹೋಗಲಿ, ಯಾರೂ ಮುಟ್ಟದೆ ಪುಟ ಜಾರದಿರಲಿ, ಸುದ್ದಿ ಬೇಕೆಂದವರು ಒತ್ತಿದರೆ ಮಾತ್ರ...

ಸಾಕು. ಇದು ೨೨೧೯ ಅಲ್ಲ, ಇವತ್ತು ಇವತ್ತೇ, ಗಂಟೆ ಮೂರೂವರೆ. ಸರ್ವಮಂಗಳಾ ನನ್ನ ಅಕ್ಕ. ಪಕ್ಕದ ಕೋಣೆಯಲ್ಲಿ ಪರದೆಗೆ ಮೂಗು ತಾಗಿಸಿ ಕೂತಿದ್ದಾಳೆ. ಹಾಸ್ಟೆಲ್ ಸಂಸ್ಥೆಯ ಕಾರ್ಯದರ್ಶಿಗಳೇ, ನಿಮ್ಮ ಅಪ್ಪಣೆಗಾಗಿ ಬೆಳಗಿನಿಂದ ನಾಲ್ಕು ಸಲ ಫೋನ್ ಮಾಡಿದೆ, ನೀವು ಎತ್ತಲಿಲ್ಲ. ಅಪ್ಪಣೆ ಇಲ್ಲದೆಯೇ ಪಟ್ಟಿ ಕಿತ್ತುಹಾಕುತ್ತಿದ್ದೇನೆ. ಈ ಪುಟ ಕಟ್ಟಿದವನು ನಾನೇ ಎಂದು ನಿಮಗೆ ಗೊತ್ತು. ಅಕ್ಕನಿಗೆ ಗೊತ್ತಿಲ್ಲ.