ಉಪ್ಪಿಲ್ಲದ ಒಂಬತ್ತು ದಿನ

ಬೊಮ್ಮಸಂದ್ರ
೧೮ ಮೇ ೨೦೨೫

ಪ್ರೀತಿಯ ತಂಗಿ ವೇಣಿಗೆ,

ನೀನು, ಮಕ್ಕಳು, ನಿನ್ನ ಮನೆಯವರು ಚೆನ್ನಾಗಿದ್ದೀರಿ ತಾನೆ? ಆಸ್ಪತ್ರೆಯಿಂದ ಬಂದು ಹದಿನೈದು ದಿನವಾದರೂ ಬರೆಯಲಿಲ್ಲ, ಬೈಯಬೇಡ. ಕೈ ನಡುಗುತ್ತಿತ್ತು. ಫೋನ್ ಮಾಡಬಹುದಿತ್ತಲ್ಲ ಅನ್ನುತ್ತೀಯ. ಫೋನಿನಲ್ಲಿ ನಾನು ಎರಡು ಮಾತು ಜೋರಾಗಿ ಆಡಿದರೆ ಸಾಕು, "ಅಕ್ಕಾ, ಮಾತ್ರೆ ತಗೊಂಡ್ಯಾ?" ಅಂತೀಯ. ಕಾಗದದಲ್ಲಾದರೆ ನಾನು ಮುಗಿಸುವ ತನಕ ನೀನು ಸುಮ್ಮನಿರಲೇಬೇಕು!

ನಿನ್ನ ಭಾವ ಅರ್ಧಂಬರ್ಧ ಹೇಳಿರುತ್ತಾರೆ, ಪೂರ್ತಿ ಕೇಳು. ಅವರಿಗೆ ಬಿಪಿ ಏರಿತ್ತು, ಡಾಕ್ಟರು ಉಪ್ಪು ಕಡಿಮೆ ಮಾಡಿ ಅಂದರು. ಒಬ್ಬರಿಗೋಸ್ಕರ ಬೇರೆ ಸಾರು ಯಾರು ಮಾಡುತ್ತಾರೆ? ಇಡೀ ಮನೆಗೇ ಉಪ್ಪು ನಿಲ್ಲಿಸಿದೆ. ಉಪ್ಪಿನಕಾಯಿ ಜಾಡಿ ಮೇಲಿನ ಮನೆ ಬಾಡಿಗೆಯವರ ಪಾಲಾಯಿತು. ಸಾಲದ್ದಕ್ಕೆ ಈ ಬಿಸಿಲು, ಮುದ್ದೆ ತೊಳಸುವಷ್ಟರಲ್ಲಿ ರವಿಕೆಯೆಲ್ಲ ಒದ್ದೆ. ಆರನೇ ದಿನ ವಾಂತಿ ಭೇದಿ ಶುರುವಾಯಿತು. ಕೈ ನಡುಗಿ ಕಾಫಿ ಚೆಲ್ಲಿದೆ, ಕುಡಿದವರ ಹಾಗೆ ವಾಲಾಡಿದೆ, ನಾಲಿಗೆ ತೊದಲುತ್ತಿತ್ತು.

"ರೀ, ಈ ಲಿಥಿಯಂ ಮಾತ್ರೆ ಯಾಕೋ ಒಗ್ತಿಲ್ಲ. ಡಾಕ್ಟರನ್ನ ಕೇಳೋ ತನಕ ಬೇಡ" ಅಂದೆ. ಹದಿನೆಂಟು ವರ್ಷದ ಹಿಂದೆ, ನಮಗೆ ಬೈಪೋಲಾರ್ ಅನ್ನುವ ಈ ಮನಸ್ಸಿನ ಕಾಯಿಲೆಯ ಹೆಸರೇ ಗೊತ್ತಿಲ್ಲದಾಗ, ನಾನು ಐದು ದಿನ ಕಣ್ಣು ಮುಚ್ಚದೆ ಬೀದಿಯವರನ್ನೆಲ್ಲ ಇಲ್ಲದ ಮದುವೆಗೆ ಊಟಕ್ಕೆ ಕರೆದಿದ್ದೆನಲ್ಲ, ಅದೇ ಮರಳಿತು ಅಂತ ಅವರು ಅಂದುಕೊಂಡರು. ನಿನಗೆ ಫೋನ್ ಮಾಡಿದರು. ಆಮೇಲೆ ಮೂರು ದಿನ ಎದುರು ನಿಂತು ಮಾತ್ರೆ ನುಂಗಿಸಿ, ನಾಲಿಗೆ ಎತ್ತಿಸಿ ನೋಡಿದರು.

ಒಂಬತ್ತನೇ ದಿನ ಅಡುಗೆಮನೆಯಲ್ಲಿ ಬಿದ್ದೆ. ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡಿದರೆ, ಒಂದರ ಆಸುಪಾಸಿನಲ್ಲಿ ಇರಬೇಕಾದ ಲಿಥಿಯಂ ಎರಡು ದಾಟಿತ್ತು. ಊಟದ ವಿಚಾರ ಕೇಳಿ ಡಾಕ್ಟರಮ್ಮ ಹಣೆ ಬಡಿದುಕೊಂಡರು. "ಉಪ್ಪು ಏಕಾಏಕಿ ಬಿಟ್ರೆ ಈ ಮಾತ್ರೆ ಮೈಯಿಂದ ಸರಿಯಾಗಿ ಹೊರಗೆ ಹೋಗಲ್ಲ ಸಾರ್, ಒಳಗೇ ಸೇರ್ಕೊಳ್ಳುತ್ತೆ. ನೀವು ಅದರ ಮೇಲೆ ಇನ್ನೂ ಕೊಟ್ಟಿದ್ದೀರ!" ನಿನ್ನ ಭಾವ ಅಲ್ಲೇ ಅತ್ತುಬಿಟ್ಟರು, ಪಾಪ.

ಐದು ದಿನ ಡ್ರಿಪ್ ಹಾಕಿದರು. ಈಗ ಅದೇ ಮಾತ್ರೆಯನ್ನು ಕಡಿಮೆ ಪ್ರಮಾಣದಲ್ಲಿ ಮತ್ತೆ ಶುರು ಮಾಡಿದ್ದಾರೆ. ವಾರಕ್ಕೊಮ್ಮೆ ಬೆಳಗಿನ ಮಾತ್ರೆಗೆ ಮೊದಲೇ ಹೋಗಿ ರಕ್ತ ಕೊಡಬೇಕು. ಕಿಡ್ನಿಗೆ ಏನೂ ಆಗಿಲ್ಲವಂತೆ. ಮಾತ್ರೆಯ ಮೇಲೆ ನನಗೆ ಸಿಟ್ಟಿಲ್ಲ ಕಣೇ. ಅದರಿಂದಲೇ ಮಗಳನ್ನು ಬೆಳೆಸಿದೆ, ಇಲ್ಲಿನ ಔಷಧಿ ಫ್ಯಾಕ್ಟರಿಯ ಪ್ಯಾಕಿಂಗ್‌ನಲ್ಲಿ ಹನ್ನೊಂದು ವರ್ಷ ದುಡಿದೆ. ಈಗ ಒಲೆಯ ಮೇಲೆ ಎರಡು ಸಾರು ಕುದಿಯುತ್ತವೆ, ಅವರದು ಅವರಿಗೆ, ನನ್ನದು ನನಗೆ.

ರಜೆ ಮುಗಿಯುವುದರೊಳಗೆ ಮಕ್ಕಳನ್ನು ಕರೆದುಕೊಂಡು ಬಾ. ಅವರಿಗೆ ನನ್ನ ಆಶೀರ್ವಾದ. ದೇವರು ನಿನ್ನ ಸಂಸಾರವನ್ನು ತಣ್ಣಗಿಟ್ಟಿರಲಿ.

ನಿನ್ನ ಅಕ್ಕ,
ಯಮುನಾ

ತಾ.ಕ.: ಅವತ್ತು ನಿನ್ನ ಭಾವ ಫೋನನ್ನು ಸ್ಪೀಕರ್‌ನಲ್ಲಿ ಇಟ್ಟಿದ್ದರು. "ಭಾವ, ಅಕ್ಕನ ಮಾತು ಕೇಳ್ಬೇಡಿ, ಬಾಯಿ ಬಿಡ್ಸಿ ನುಂಗ್ಸಿ" ಅಂದೆಯಲ್ಲ, ಪಕ್ಕದಲ್ಲೇ ಕೂತು ಕೇಳಿಸಿಕೊಂಡೆ. ಹದಿನೆಂಟು ವರ್ಷ ಒಂದು ದಿನವೂ ತಪ್ಪಿಸದೆ ಆ ಮಾತ್ರೆ ನುಂಗಿದ್ದು ನೀವೆಲ್ಲ ನನ್ನ ಮಾತು ನಂಬಲಿ ಅಂತ ಕಣೇ, ವೇಣಿ.