ಮುದಿಹಸು ಬಂಡೆಯ ಆಚೆಗೆ

ಸಿಡುಕು ಮೋರೆಯ ನನ್ನ ವೆಂಡೆಲ್‌ಗೆ,

ಟೀ ಫ್ಲಾಸ್ಕಿಗೆ ಸುತ್ತಿದ ಕಾಗದ ಕಂಡು ಗಾಬರಿಯಾಗಬೇಡ. ಮನೆಯಲ್ಲಿ ಯಾರಿಗೂ ಏನೂ ಆಗಿಲ್ಲ. ಆಗಿಬಿಡುತ್ತಿದ್ದದ್ದು ನಿನಗೆ, ಹೋದ ಮಂಗಳವಾರ. ಅದು ನನಗೆ ಗೊತ್ತು.

ಮೂವತ್ತೆಂಟು ವರ್ಷ ಒಂದೇ ಮೇಜಿನಲ್ಲಿ ಉಂಡ ಗಂಡನಿಗೆ ಪತ್ರ ಬರೆಯಬೇಕಾಯಿತಲ್ಲ ಎಂದು ನನಗೇ ನಾಚಿಕೆ. ಆದರೆ ಎದುರು ಕೂತು ಇಂಥ ಮಾತು ತೆಗೆದರೆ ನೀನು ಟೋಪಿ ಹಾಕಿಕೊಂಡು ಬಂದರಿನ ಕಡೆ ನಡೆದುಬಿಡುತ್ತೀಯ. ದೋಣಿಯಿಂದ ಎಲ್ಲಿಗೆ ನಡೆಯುತ್ತೀಯ? ಮುದಿಹಸು ಬಂಡೆ ದಾಟಿದ ಮೇಲೆ, ಮೊದಲ ಲಾಬ್‌ಸ್ಟರ್ ಬೋನಿಗೆ ಕೈ ಹಚ್ಚುವ ಮುಂಚೆ, ನಿನಗೆ ಒಂದು ಲೋಟ ಟೀ ಆಗಲೇಬೇಕು. ಅದಕ್ಕೇ ಇದನ್ನು ಫ್ಲಾಸ್ಕಿಗೆ ಸುತ್ತಿದ್ದೇನೆ. ಓದಿ ಮುಗಿಸುವ ತನಕ ಒಂದು ಬೋನನ್ನೂ ಮುಟ್ಟಬೇಡ.

ಮೊದಲು ನನ್ನ ಕಳ್ಳತನ ಒಪ್ಪಿಕೊಳ್ಳುತ್ತೇನೆ. ಈ ಊರಿನ ಅಡುಗೆಮನೆಗಳಲ್ಲೆಲ್ಲ ಒಂದೊಂದು ಸ್ಕ್ಯಾನರ್ ಇದೆ, ದೋಣಿಗಳ ರೇಡಿಯೋ ಮಾತು ಹೆಂಗಸರು ಅದರಲ್ಲಿ ಕೇಳುತ್ತಾರೆ, ಅದು ನಿಮ್ಮ ಗಂಡಸರಿಗೂ ಗೊತ್ತು. ಆ ಪೆಟ್ಟಿಗೆಯ ಗೇಣುದ್ದದ ಆ್ಯಂಟೆನಾ ಕಡ್ಡಿಗೆ ಮುದಿಹಸು ಬಂಡೆಯವರೆಗೆ ಮಾತ್ರ ಕೇಳಿಸುತ್ತದೆ, ಆಚೆಗೆ ಬರೀ ಕರಕರ. ಅದೂ ನಿಮಗೆ ಗೊತ್ತು. ಬಂಡೆಯ ಈಚೆಗೆ ನೀವೆಲ್ಲ ಎಂಥ ಸಂಭಾವಿತರು! ಗಾಳಿ ಪರವಾಗಿಲ್ಲ, ಲಾಬ್‌ಸ್ಟರ್ ಪರವಾಗಿಲ್ಲ, ಎಲ್ಲರೂ ಆರಾಮ. ಆಚೆಗೆ ಹೋದ ಮೇಲೆ ಏನು ಮಾತಾಡುತ್ತೀರೆಂದು ನಾನೊಮ್ಮೆ ಅಮ್ಮನನ್ನು ಕೇಳಿದ್ದೆ. "ಆಚೇದು ಅವರಿಗಿರ್ಲಿ ಬಿಡೇ ಅರ್ಲೀನ್. ಅಷ್ಟಾದ್ರೂ ಬೇಡ್ವಾ ಗಂಡಸ್ರಿಗೆ?" ಅಂದಿದ್ದಳು. ನಾನೂ ಇಷ್ಟು ವರ್ಷ ಬಿಟ್ಟೇ ಇದ್ದೆ.

ಬೆನ್ನುನೋವು ಎಂದು ನಿನ್ನ ಕೈಯಾಳು ಏಪ್ರಿಲ್‌ನಲ್ಲಿ ಬಿಟ್ಟು ಹೋದ. ನೀನೊಬ್ಬನೇ ಹೋಗತೊಡಗಿದೆ. ಆ ಕರಕರ ಶುರುವಾದರೆ ನಾನು ಕೈಕೆಲಸ ಬಿಟ್ಟು ಕಿಟಕಿಗೆ ಹೋಗಿ ನಿಲ್ಲುತ್ತಿದ್ದೆ. ಮರ್ಡಾಕನ ರೇಡಿಯೋ ಸಾಮಾನಿನ ಅಂಗಡಿಗೆ ಹೋಗಿ ಹೊರಗೆ ಹಾಕುವ ಆ್ಯಂಟೆನಾ ಕೇಳಿದೆ. "ಏನಮ್ಮಾ, ಗಂಡನ್ನ ಹಿಡಿಯೋಕೆ ಬಲೆನಾ?" ಎಂದು ನಕ್ಕ. ಹವಾಮಾನ ಕೇಳುವುದಕ್ಕೆ ಎಂದು ಸುಳ್ಳು ಹೇಳಿದೆ.

ಅದನ್ನು ಎಲ್ಲಿ ಹಾಕಿದೆ ಗೊತ್ತೇ? ಬಟ್ಟೆ ಒಣಹಾಕುವ ಕಂಬದ ತುದಿಗೆ, ಹಗ್ಗದ ರಾಟೆಗಿಂತ ಮೇಲೆ. ಮೂರು ವಾರದಿಂದ ದಿನಕ್ಕೆ ನಾಲ್ಕು ಸಲ ನೀನು ಅದರ ಕೆಳಗೇ ಓಡಾಡುತ್ತಿದ್ದೀಯ. ಒಣಹಾಕಿದ ಬಟ್ಟೆಯ ಕಡೆ ನೀನು ಯಾವತ್ತು ತಲೆಯೆತ್ತಿ ನೋಡಿದ್ದೀಯ ಹೇಳು! ಮೊದಲ ಸಲ ಜಿಪುಣತನ ಮಾಡಿ ಅಟ್ಟದ ಮೇಲಿದ್ದ ಹಳೆಯ ಟೀವಿ ಕೇಬಲ್ ಸುರುಳಿಯನ್ನೇ ಜೋಡಿಸಿದೆ. ಗೇಣುದ್ದದ ಕಡ್ಡಿಗೆ ಕೇಳುತ್ತಿದ್ದದ್ದೂ ಹೋಯಿತು. ಮರ್ಡಾಕ ಬೈದ. "ಅಷ್ಟುದ್ದ ತೆಳ್ಳನೆ ಕೇಬಲ್ ಹಾಕಿದ್ರೆ ಮೇಲೆ ಸಿಕ್ಕಿದ ಸಿಗ್ನಲನ್ನೆಲ್ಲ ದಾರೀಲೇ ತಿಂದ್ಹಾಕುತ್ತೆ. ದಪ್ಪಂದು ತಗೊಂಡ್ಹೋಗು, ಎಷ್ಟು ಬೇಕೋ ಅಷ್ಟೇ." ಹಾಗೇ ಮಾಡಿದೆ. ಸಿಡಿಲಿಗೆಂದು ನೆಲಕ್ಕೆ ತಂತಿಯನ್ನೂ ಇಳಿಸಿದೆ. ಕೆಳಗಿಳಿದು ಬಂದು ಸ್ಕ್ಯಾನರ್ ಹಾಕಿದರೆ ನಿನ್ನ ಗೆಳೆಯ ಕ್ಲೈಡ್ ಕೆಮ್ಮಿದ್ದು ನಮ್ಮ ಅಡುಗೆಮನೆಯಲ್ಲೇ ಕೆಮ್ಮಿದ ಹಾಗೆ ಕೇಳಿಸಿತು. ಅವನ ದೋಣಿ ಬಂಡೆಯಿಂದ ಒಂಬತ್ತು ಮೈಲಿ ಆಚೆಗಿತ್ತು.

ನಿನ್ನ ದನಿ ಕೇಳಿದರೆ ಸಾಕು ಎಂದುಕೊಂಡಿದ್ದೆ, ದೇವರಾಣೆ. ಮಂಗಳವಾರ ಬೆಳಿಗ್ಗೆ ಹತ್ತು ಗಂಟೆಗೆ ಕಾಕಂಬಿ ಬ್ರೆಡ್ಡಿಗೆ ಹಿಟ್ಟು ನಾದುತ್ತಿದ್ದೆ. ಆಗ ನೀನು ಕ್ಲೈಡ್‌ಗೆ ಹೇಳಿದೆ: "ಬೋನು ಇಳಿಸ್ತಾ ಇದ್ದೆ ಕಣೋ, ಕಾಲಿಗೆ ಹಗ್ಗ ಸುತ್ಕೊಂಡ್ಬಿಡ್ತು. ಅಂಚಿನ ತನಕ ಎಳ್ಕೊಂಡು ಹೋಯ್ತು. ಎಡಗೈಲಿ ಚಾಕು ಹಿಡ್ಕೊಂಡಿದೀನಾ ಇಲ್ವಾ ಅಂತಾನೇ ಗೊತ್ತಾಗ್ಲಿಲ್ಲ. ಹೇಗೋ ಹಗ್ಗ ಕುಯ್ದು ಉಳ್ಕೊಂಡೆ. ಚಳಿಗಾಲದಿಂದ ಆ ಕೈಲಿ ಸ್ಪರ್ಶಾನೇ ಇಲ್ಲ."

"ಅರವತ್ತೆರಡಾಯ್ತಲ್ಲೋ ಮಾರಾಯ, ದೋಣಿ ಮಾರ್ಬಿಡು" ಅಂದ ಕ್ಲೈಡ್.

"ಅವಳಪ್ಪನ ದೋಣಿ ಅದು. ಹಿಂದ್ಗಡೆ ಅವಳಮ್ಮನ ಹೆಸ್ರಿದೆ. ಮಾರಿ ಯಾವ ಮುಖ ಇಟ್ಕೊಂಡು ಅರ್ಲೀನ್ ಮುಂದೆ ನಿಲ್ಲಲಿ? ಮನೇಗೆ ಗೊತ್ತಾಗ್ಬಾರ್ದು, ನೋಡು."

ಹಿಟ್ಟಿನ ಕೈಯಲ್ಲೇ ಸ್ಕ್ಯಾನರಿನ ಗುಂಡಿ ತಿರುಗಿಸಿ ಆರಿಸಿದೆ. ಸಂಜೆ ನೀನು ಬಂದು ಮೀನಿನ ಸೂಪು ಎರಡು ಬಟ್ಟಲು ಕುಡಿದೆ. ನಾನು "ಸಮುದ್ರ ಹೇಗಿತ್ತು?" ಎಂದರೆ ನೀನು "ಮಾಮೂಲಿ" ಎಂದೆ. ನಾನು ಕತ್ತರಿಸಿ ಕೊಟ್ಟ ಬ್ರೆಡ್ಡನ್ನು ನೀನು ಹೊಗಳಿದೆ. ನೀನು ಮಲಗಿದ ಮೇಲೆ ನಿನ್ನ ಕಾಲುಚೀಲ ಸರಿಸಿ ನೋಡಿದೆ. ಹಗ್ಗದ ಬರೆ ಕಣಕಾಲಿನ ಸುತ್ತ ನೀಲಿಗಟ್ಟಿತ್ತು. ಮರುದಿನ ಕ್ಲೈಡ್ ಬಂದು, ಇಷ್ಟನ್ನೂ ಹೊಟ್ಟೆಯಲ್ಲಿಟ್ಟುಕೊಂಡು, ನನ್ನ ಓಟ್ಸ್ ಬಿಸ್ಕತ್ತು ಆರು ತಿಂದು ಹೋದ. ಅವನಿಗೆ ಇನ್ನು ಒಂದು ತಿಂಗಳು ಬಿಸ್ಕತ್ತಿಲ್ಲ.

ದೋಣಿ ಹೋದರೆ ನಾನು ಅಳುವುದಿಲ್ಲ ಎಂದು ಸುಳ್ಳು ಹೇಳಲಾರೆ. ಅಮ್ಮನ ಹೆಸರು ಹೊತ್ತ ಈ 'ಐಡಾ ಮೇ' ಬಂಡೆ ಸುತ್ತಿ ಬರುವುದನ್ನು ಕಂಡರೆ ಈಗಲೂ ನನಗೆ ಅಪ್ಪ ಬಂದ ಹಾಗೆಯೇ. ಬೇರೆಯವನು ಅಮ್ಮನ ಹೆಸರು ಅಳಿಸಿ ತನ್ನ ಮಗಳ ಹೆಸರು ಬರೆಸಿದ ದಿನ ನಾನು ಬಾಗಿಲು ಹಾಕಿಕೊಂಡು ಅಳುತ್ತೇನೆ. ನೀನು ಹೊರಗಿನ ಕೋಣೆಯಲ್ಲಿ ಕುಳಿತು ಆ ಅಳು ಕೇಳಿಸಿಕೊಳ್ಳಬೇಕು. ನನಗೆ ಬೇಕಾದದ್ದು ಅಷ್ಟೇ, ನೀನು ಹೊರಗಿನ ಕೋಣೆಯಲ್ಲಿರಬೇಕು.

ಇವತ್ತು ಬೋನುಗಳನ್ನು ಅಲ್ಲೇ ಬಿಟ್ಟು ಬಾ. ಕ್ಲೈಡ್ ಎತ್ತಿ ತರಲಿ, ಬಿಸ್ಕತ್ತಿನ ಋಣ ಇದೆಯಲ್ಲ. ಸೋಮವಾರ ಡಾಕ್ಟರಿಗೆ ಕೈ ತೋರಿಸೋಣ. ದೋಣಿಯ ಮಾತು ಆಮೇಲೆ, ಇಬ್ಬರೂ ಕೂತು.

ನಿಮ್ಮ ಗಂಡಸರ ಪಾಲಿನ ಜಾಗಕ್ಕೆ ಕಿವಿಯಿಟ್ಟದ್ದು ತಪ್ಪು. ಬೇರೆ ಹೆಂಗಸರಿಗೆ ಹೇಳಿಲ್ಲ, ಹೇಳುವುದೂ ಇಲ್ಲ. ನಾಳೆ ಬೆಳಿಗ್ಗೆಯೇ, ಏಣಿ ನೀನು ಹಿಡಿದರೆ, ನಾನೇ ಹತ್ತಿ ಆ ಆ್ಯಂಟೆನಾ ಇಳಿಸುತ್ತೇನೆ. ಇವತ್ತೊಂದು ದಿನ ಅದು ಮೇಲಿರಲಿ. ರೇಡಿಯೋ ತೆಗೆದುಕೊಂಡು, ಕ್ಲೈಡ್ ನಕ್ಕರೆ ನಗಲಿ, "ಅರ್ಲೀನ್, ಬರ್ತಾ ಇದೀನಿ" ಎಂದು ಒಂದು ಮಾತು ಹೇಳು. ನನ್ನ ಪೆಟ್ಟಿಗೆಗೆ ಕೇಳುವುದು ಗೊತ್ತು, ಮಾತಾಡುವುದು ಗೊತ್ತಿಲ್ಲ. ನಿನಗೆ ಉತ್ತರ ಬರುವುದಿಲ್ಲ. ಆದರೆ ಬಂಡೆ ಸುತ್ತಿ ಬರುವಾಗ ನಮ್ಮ ಗುಡ್ಡದ ಕಡೆಗೊಮ್ಮೆ ತಲೆಯೆತ್ತಿ ನೋಡು. ಬಟ್ಟೆಯ ಹಗ್ಗದ ಮೇಲೆ ಅಮ್ಮನ ಹಳದಿ ರಜಾಯಿ ಹಾರಾಡುತ್ತಿದ್ದರೆ, ನೀನು ಹೇಳಿದ್ದು ನನಗೆ ಕೇಳಿಸಿದೆ ಎಂದು ತಿಳಿ.

ರಜಾಯಿ ಆಗಲೇ ಬುಟ್ಟಿಯಲ್ಲಿದೆ. ಸ್ಕ್ಯಾನರನ್ನು ಕಿಟಕಿಯಲ್ಲಿಟ್ಟು ಕಂಬದ ಕೆಳಗೇ ನಿಂತಿರುತ್ತೇನೆ. ಸಮುದ್ರ ನಿನ್ನನ್ನು ಸುಖವಾಗಿ ನನಗೆ ಒಪ್ಪಿಸಲಿ.

ಕಿವಿಯೆಲ್ಲ ನಿನ್ನ ಕಡೆಗೇ ಇರುವ,
ಅರ್ಲೀನ್