ನೆರಳಿನ ಪ್ರಶ್ನೆಗೆ ನಾನು ಬರೆದ ಉತ್ತರ

ಅಪ್ಪಯ್ಯನಿಗೆ,

ನಿಮ್ಮ ಕೈಯಲ್ಲಿ ಉತ್ತರ ತಿದ್ದಿಸಿಕೊಂಡೇ ಬೆಳೆದವಳು ನಾನು. ಇದೊಂದನ್ನು ನೀವು ನೋಡದಿದ್ದರೆ ನನಗೆ ಸಮಾಧಾನವಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮ ಜಗಲಿಗೆ ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಬಂದಿದ್ದ ದಿನ ನೆನಪಿದೆಯೇ? ಕಾಫಿ ಕುಡಿಯುತ್ತಾ, "ಕೂಲಿ ಲೈನಿನ ಆಳುಗಳೆಲ್ಲ ನಮ್ಮ ದೊರೆಗೆ ಮಕ್ಕಳಿದ್ದ ಹಾಗೆ ಮೇಷ್ಟ್ರೇ" ಎಂದರು. ನೀವು ಮೆಲ್ಲಗೆ, "ಹೌದಾ? ಮಕ್ಕಳು ಊರಿಗೆ ಓಡಿಹೋದ್ರೆ ವಾರಂಟು ಹೊರಡಿಸ್ತಾರಾ?" ಎಂದಿರಿ. ಅವರು ಲೋಟ ಅರ್ಧಕ್ಕೇ ಇಟ್ಟು ಎದ್ದರು. ಆಮೇಲೆ ನನ್ನನ್ನು ಕರೆದು, "ಹೋಲಿಕೆ ಚೆನ್ನಾಗುಂಟು ಅಂತ ತಲೆ ಆಡಿಸ್ಬೇಡ ಮಗಾ. ಎಲ್ಲಿವರೆಗೆ ಹೋಲ್ತದೆ, ಎಲ್ಲಿ ಕೈಬಿಡ್ತದೆ ನೋಡು" ಎಂದಿರಿ.

ನೀವು ತೀರಿಹೋದ ಮೇಲೆ ಅಮ್ಮತ್ತಿಯ ಹತ್ತಿರ ದೊಡ್ಡಪ್ಪನ ತೋಟದ ಮನೆಗೆ ಬಂದೆ. ಗಂಡನೂ ಇಲ್ಲದವಳು ಬೇರೆಲ್ಲಿಗೆ ಹೋಗಲಿ? ಊಟಕ್ಕೆ ಬಟ್ಟೆಗೆ ಕೊರತೆಯಿಲ್ಲ, ಸುಳ್ಳು ಹೇಳಬಾರದು. ಆದರೆ ಬಾಗಿಲು ದಾಟಿದರೆ ಎಲ್ಲಿಗೆ, ಪುಸ್ತಕ ತೆರೆದರೆ ಯಾಕೆ ಎನ್ನುತ್ತಾರೆ ದೊಡ್ಡಪ್ಪ. ಕೇಳಿದರೆ ಒಂದೇ ಮಾತು: "ನೆರಳಿಲ್ದೆ ಕಾಫಿ ಗಿಡ ಉಂಟಾ?" ಉಸಿರು ಕಟ್ಟುತ್ತದೆ ಅಪ್ಪಯ್ಯ. ಮಡಿಕೇರಿಯ ಹೆಣ್ಣುಮಕ್ಕಳ ಶಾಲೆಗೆ ಉಪಾಧ್ಯಾಯಿನಿ ಬೇಕು, ಪರೀಕ್ಷೆ ಇದೆ ಎಂದು ತಿಳಿದಾಗ ಅವರ ಕಾಲು ಹಿಡಿದೆ. ಇವಳೆಲ್ಲಿ ಪಾಸಾಗುತ್ತಾಳೆ ಎಂಬ ಧೈರ್ಯದ ಮೇಲೆ ಗಾಡಿ ಕಟ್ಟಿಸಿ ಅವರೇ ಕರೆದುಕೊಂಡು ಹೋದರು.

ಕೊನೆಯ ಪ್ರಶ್ನೆ ಓದಿದಾಗ... ಏನಿತ್ತು ಗೊತ್ತೇ? "ಕಾಫಿ ಗಿಡಕ್ಕೆ ಮರದ ನೆರಳು ಹೇಗೋ ಹೆಣ್ಣಿಗೆ ಮನೆಯ ಆಶ್ರಯ ಹಾಗೆ. ಆದ್ದರಿಂದ ಆಕೆ ಅದನ್ನು ಬಿಟ್ಟು ಹೊರಗೆ ಹೋಗಬಾರದು. ಈ ವಾದ ಸರಿಯೇ? ಕಾರಣ ಕೊಡಿ." ದೊಡ್ಡಪ್ಪನೇ ಬರೆದುಕೊಟ್ಟರೇನೋ ಅನ್ನಿಸಿತು. ಸರಿ ಎಂದರೆ ನಾನು ಆ ಬೆಂಚಿನ ಮೇಲೆ ಕುಳಿತಿದ್ದೇ ತಪ್ಪಾಗುತ್ತದೆ. ತಪ್ಪು ಎಂದರೆ, ಉತ್ತರ ತಿದ್ದುವವರೂ ಯಾರಿಗೋ ದೊಡ್ಡಪ್ಪನೇ ತಾನೆ? ಕಿಟಕಿಯಾಚೆ ನಮ್ಮ ದೊಡ್ಡಪ್ಪ ಕೊಡೆ ಊರಿಕೊಂಡು ಕಾಯುತ್ತಿದ್ದರು.

ಗಿಡಕ್ಕೆ ಕಾಲಿಲ್ಲ, ನನಗಿದೆ ಎಂದು ಬರೆದು ಹೊಡೆದುಹಾಕಿದೆ. ಅದು ಸಿಟ್ಟಿನ ಮಾತು, ನೀವು ಒಪ್ಪುತ್ತಿರಲಿಲ್ಲ. ಎಲ್ಲಿವರೆಗೆ ಹೋಲುತ್ತದೆ? ತೋಟವನ್ನೇ ನೆನೆಸಿಕೊಂಡು ಬರೆದೆ: ನೆರಳು ಬೇಕು, ನಿಜ. ಆದರೆ ಮಳೆಗಾಲಕ್ಕೆ ಮುಂಚೆ ತೋಟದವರು ಮರಗಸಿ ಮಾಡಿಸುತ್ತಾರೆ, ಕೊಂಬೆ ಕಡಿಸಿ ಗಿಡಕ್ಕೆ ಬೆಳಕು ಬಿಡಿಸುತ್ತಾರೆ. ನೆರಳು ಹೆಚ್ಚಾದರೆ ಕೊಳೆರೋಗ. ಹೋಲಿಕೆಯನ್ನು ಒಪ್ಪುವವರು ಇದನ್ನೂ ಒಪ್ಪಬೇಕು, ವಾದ ಅರ್ಧಕ್ಕೇ ನಿಂತಿದೆ.

ಪಾಸಾಗಿದ್ದೇನೆ ಅಪ್ಪಯ್ಯ! ಸೋಮವಾರ ಕೆಲಸಕ್ಕೆ ಬನ್ನಿ ಎಂದಿದ್ದಾರೆ. ದೊಡ್ಡಪ್ಪ ಕೇಳಿ, "ಪಾಸಾದೆಯಲ್ಲ, ಸಾಕು. ಹೋಗೋದೆಲ್ಲ ಬೇಡ" ಎಂದರು. ಮತ್ತೆ ಅದೇ ನೆರಳು, ಅದೇ ಗಿಡ. ಪರೀಕ್ಷೆಯಲ್ಲಿ ಅಷ್ಟು ಬರೆದವಳಿಗೆ ಅವರೆದುರು ಒಂದು ಅಕ್ಷರ ಬಾಯಿಗೆ ಬರಲಿಲ್ಲ. ಯಾಕೆ ಹೀಗೆ? ಅವರ ಅನ್ನ ತಿಂದಿದ್ದಕ್ಕೋ, ಅಥವಾ...

ಇವತ್ತು ತೋಟದಲ್ಲಿ ಮರಗಸಿ. ಆಳುಗಳು ಮರದ ಮೇಲಿದ್ದಾರೆ. "ಇನ್ನೂ ಕಡಿ ಮಾರಾಯ, ಬಿಸಿಲು ಬೀಳ್ಲಿ! ಗಿಡ ಕೊಳೀತದೆ!" ಎಂದು ದೊಡ್ಡಪ್ಪ ಕೆಳಗೆ ನಿಂತು ಕೂಗುತ್ತಿರುವುದು ಅಡುಗೆಮನೆಗೂ ಕೇಳುತ್ತಿದೆ. ಈಗ ಅವರಿಗೆ ಕಾಫಿ ಕೊಂಡುಹೋಗಬೇಕು. ಲೋಟ ಕೈಗಿಟ್ಟು, ಗಿಡಕ್ಕೆ ಬೇಕಾದ ಬಿಸಿಲು ನನಗೆ ಬೇಡವೇ ಎಂದು ಆ ಮರದ ಬುಡದಲ್ಲೇ ಕೇಳುತ್ತೇನೆ. ಅವರು ಅರ್ಧಕ್ಕೇ ಇಟ್ಟರೂ ಸರಿ.

ನಿಮ್ಮ ಮಗಳು